ಬಿಟ್ಟುಹೋದ ಒಂದು 'ದ'

ನಮ್ಮ ಮೇಲಿನ ಮನೆ ಗೌಡರಿಗೆ ಎಪ್ಪತ್ತಾರು ವರ್ಷ. ಓದಿದ್ದು ಏಳನೇ ಕ್ಲಾಸು. ಆದರೆ ಅವರಷ್ಟು ಶ್ರದ್ಧೆಯಿಂದ ಕನ್ನಡ ಓದುವವರನ್ನು ನಾನು ಕಂಡಿದ್ದು ಕಮ್ಮಿ. ಪೇಪರು ಕೈಗೆ ಬಂದರೆ ಮೊದಲ ಪುಟದ ತಾರೀಕಿನಿಂದ ಹಿಡಿದು ಕೊನೆಯ ಪುಟದ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ ಮುದ್ರಕರ ಹೆಸರಿನ ತನಕ ಓದುತ್ತಾರೆ. ಮದುವೆ ಕಾಗದ, ಗೊಬ್ಬರದ ಚೀಲ, ಔಷಧಿ ಡಬ್ಬ, ಯಾವುದನ್ನೂ ಬಿಡುವುದಿಲ್ಲ. ಓದಿದ್ದನ್ನು ನಂಬುತ್ತಾರೆ ಕೂಡ. ಕಷ್ಟ ಬಂದದ್ದು ಅಲ್ಲೇ.

ಎರಡು ಮಳೆಗಾಲದ ಹಿಂದೆ ಅವರಿಗೊಂದು ನೋಟೀಸು ಬಂತು. ಅಡಿಕೆ ತೋಟದ ಕೆಳಗಿನ ಗಡಿಯ ವಿಚಾರ. ಪಕ್ಕದವರು ಕೊಟ್ಟ ಅರ್ಜಿಯ ಮೇಲೆ ಕಚೇರಿಯೊಂದರಿಂದ ಬಂದದ್ದು. ಯಾವ ಕಚೇರಿ ಎನ್ನುವುದು ಇಲ್ಲಿ ಬೇಡ, ಅಲ್ಲಿರುವವರೂ ನಮ್ಮವರೇ, ನಾಳೆ ಮತ್ತೆ ಮುಖ ನೋಡಬೇಕು. ನೋಟೀಸಿನ ಕೊನೆಯ ಸಾಲು ಹೀಗಿತ್ತು:

"ಈ ನೋಟೀಸು ತಲುಪಿದ ಏಳು ದಿನಗಳ ಒಳಗಾಗಿ ಆಕ್ಷೇಪಣೆಗಳನ್ನು ಸಲ್ಲಿಸಿದ್ದಲ್ಲಿ ಸದರಿ ವಿಷಯದಲ್ಲಿ ತಮ್ಮದು ಯಾವುದೇ ತಕರಾರು ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು."

ಇನ್ನೊಂದು ಸಲ ಓದಿ ನೋಡಿ. ಅವಸರದಲ್ಲಿ ಓದಿದರೆ ನಿಮ್ಮ ಕಣ್ಣು ತಾನಾಗಿಯೇ ಸರಿ ಮಾಡಿಕೊಂಡುಬಿಡುತ್ತದೆ. ನನಗೂ ಮೊದಲ ಸಲ ಏನೂ ಕಾಣಲಿಲ್ಲ. ಗೌಡರು ಮಾತ್ರ ಹಾಗೆ ಓದುವವರಲ್ಲ. ಮೂರು ಸಲ ಓದಿದರಂತೆ. ಹೆಂಡತಿಯನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ ಹೇಳಿದರಂತೆ. ಆಕ್ಷೇಪಣೆ ಸಲ್ಲಿಸಿದರೆ ತಕರಾರು ಇಲ್ಲ ಎಂದು ಭಾವಿಸುತ್ತಾರೆ ಎಂದು ಅಚ್ಚ ಕನ್ನಡದಲ್ಲಿ, ಸೀಲು ಸಹಿಯ ಸಮೇತ ಬರೆದಿದೆ. ಹಾಗಾದರೆ ಸಲ್ಲಿಸದೇ ಇರುವುದೇ ಜಾಣತನ. ಮೊದಲೇ ಮಳೆ ಹಿಡಿದು ಕೂತಿತ್ತು, ಹೆಬ್ಬಾಳೆ ಸೇತುವೆಯ ಮೇಲೆ ಭದ್ರಾ ಯಾವಾಗ ಹತ್ತುತ್ತದೋ ಎನ್ನುವ ದಿನಗಳು. ಗೌಡರು ಮನೆಯಲ್ಲೇ ಉಳಿದರು. ಏಳು ದಿನ ಕಳೆಯಿತು. ಅವರ ಗೈರುಹಾಜರಿಯಲ್ಲಿ ಆದೇಶವೂ ಆಯಿತು.

ಅವರ ಜೊತೆ ಕಚೇರಿಗೆ ಹೋದವನು ನಾನೇ. ಮೇಜಿನ ಆಚೆಗಿದ್ದ ಹುಡುಗ ನೋಟೀಸು ನೋಡಿ ನಕ್ಕುಬಿಟ್ಟ. "ಅಯ್ಯೋ ಸಾರ್, ಇದು ಟೈಪಿಂಗ್ ಮಿಸ್ಟೇಕು. 'ಸಲ್ಲಿಸದಿದ್ದಲ್ಲಿ' ಅಂತ ಆಗ್ಬೇಕಿತ್ತು. ಯಾರಿಗಾದ್ರೂ ಅರ್ಥ ಆಗ್ತದಲ್ವಾ?"

ಗೌಡರು ತಣ್ಣಗೆ ಹೇಳಿದರು. "ನಂಗೆ ಅರ್ಥ ಆದದ್ದು ನೀವು ಬರ್ದದ್ದು ಮಾರಾಯ್ರೆ. ನೀವು ಬರೀದೇ ಇದ್ದದ್ದು ನಂಗೆ ಹೆಂಗೆ ಅರ್ಥ ಆಗ್ಬೇಕು?"

ಹುಡುಗನ ಹತ್ತಿರ ಉತ್ತರ ಇರಲಿಲ್ಲ. ಪಾಪ, ತಪ್ಪು ಅವನದೂ ಅಲ್ಲದಿರಬಹುದು. ಆದೇಶ ಆಗಿಹೋಗಿದೆ, ಮೇಲ್ಮನವಿ ಹಾಕಿ ಎಂದ.

ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕೂತು ಆ ಪದವನ್ನು ನಾನೇ ಟೈಪ್ ಮಾಡಿ ನೋಡಿದೆ. 'ಸಲ್ಲಿಸದಿದ್ದಲ್ಲಿ' ಬರೆಯುವಾಗ ನಡುವೆ ಒಂದೇ ಒಂದು 'ದ' ಕೀ ಒತ್ತದೆ ಬಿಟ್ಟರೆ, ಅದಕ್ಕೆ ಸೇರಬೇಕಾಗಿದ್ದ ಗುಣಿಸು ಹಿಂದಿನ 'ಸ'ಕ್ಕೆ ಹೋಗಿ ಅಂಟಿಕೊಳ್ಳುತ್ತದೆ. 'ಸಲ್ಲಿಸಿದ್ದಲ್ಲಿ' ಆಗುತ್ತದೆ. ಅರ್ಥ ಕೆಟ್ಟರೆ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಅರ್ಥ ಕೆಡುವುದಿಲ್ಲ, ಪೂರ್ತಿ ತಿರುಗಿ ನಿಲ್ಲುತ್ತದೆ. ಪದ ಸರಿ, ವ್ಯಾಕರಣ ಸರಿ, ಕಂಪ್ಯೂಟರಿನ ಕಾಗುಣಿತ ಪರೀಕ್ಷಕವೂ ಕೆಂಪು ಗೆರೆ ಹಾಕುವುದಿಲ್ಲ. ಇಂಗ್ಲಿಷಿನಲ್ಲಿ 'ನಾಟ್' ಎಂದು ಬೇರೆಯೇ ಪದ ಇದೆ, ಬಿಟ್ಟುಹೋದರೂ ಜಾಗ ಖಾಲಿ ಎಂದು ಎಲ್ಲೋ ಅನುಮಾನ ಬಂದೀತು. ನಮ್ಮಲ್ಲಿ 'ಇಲ್ಲ' ಎನ್ನುವುದು ಕ್ರಿಯಾಪದದ ಹೊಟ್ಟೆಯೊಳಗೇ ಕೂತಿರುತ್ತದೆ. ಮಾಡಿದ, ಮಾಡದ. ಬಂದರೆ, ಬಾರದಿದ್ದರೆ. ಕನ್ನಡದಲ್ಲಿ ಸರ್ಕಾರಿ ಕಾಗದ ಬರೆಯುವವರು ಇಂಗ್ಲಿಷಿನಲ್ಲಿ ಬರೆಯುವವರಿಗಿಂತ ಜಾಸ್ತಿ ಎಚ್ಚರ ಇಟ್ಟುಕೊಳ್ಳಬೇಕು ಅನ್ನುವುದು ನನಗೆ ಅವತ್ತೇ ಹೊಳೆದದ್ದು.

ಇದನ್ನು ಓದಿ "ಓ, ಇವನೂ ಒಬ್ಬ ಕಾಗುಣಿತದ ಮೇಷ್ಟ್ರು" ಅಂದುಕೊಳ್ಳಬೇಡಿ. ಅಂಗಡಿ ಬೋರ್ಡಿನಲ್ಲಿ 'ಒಟೇಲ್' ಎಂದಿದ್ದರೆ ನನ್ನ ಗಂಟೇನೂ ಹೋಗುವುದಿಲ್ಲ. ಕಾಫಿ ಚೆನ್ನಾಗಿದ್ದರೆ ಸೈ. ಹೊರನಾಡಿಗೆ ಹೋಗುವ ದಾರಿಯಲ್ಲಿ ಕೈಬರಹದ ಬೋರ್ಡುಗಳಲ್ಲಿ ಕಾಣುವ ಅಕಾರ ಹಕಾರದ ಅದಲು ಬದಲು, 'ಜೇನುತುಪ್ಪ'ದ ಹತ್ತು ಥರದ ಸ್ಪೆಲ್ಲಿಂಗು, ಇವೆಲ್ಲ ನನಗೆ ಇಷ್ಟವೇ. ಮಾತಾಡಿದ ಹಾಗೆ ಬರೆದಿರುತ್ತಾರೆ. ಭಾಷಾಶಾಸ್ತ್ರಜ್ಞ ಡಿ. ಎನ್. ಶಂಕರ ಭಟ್ಟರು ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು, ಬರಹದಲ್ಲಿ ಮಹಾಪ್ರಾಣಗಳ ಹೊರೆ ಬೇಡ ಎಂದು ವಾದಿಸಿ, ತಾವೇ ಹಾಗೆ ಪುಸ್ತಕ ಬರೆದು ತೋರಿಸಿದರು. ಒಪ್ಪುವುದು ಬಿಡುವುದು ಬೇರೆ ಮಾತು. ಅಲ್ಪಪ್ರಾಣ ಮಹಾಪ್ರಾಣ ಅದಲು ಬದಲಾದರೆ ಯಾರ ತೋಟವೂ ಹೋಗುವುದಿಲ್ಲ ಅಂತ ಹೇಳುವುದಕ್ಕೆ ಇಷ್ಟು ಬರೆದೆ.

ಸರ್ಕಾರಿ ಬೋರ್ಡು ತಪ್ಪಾದಾಗಲೂ ನಾವು ನಗುತ್ತೇವೆ. 2024ರ ಜುಲೈನಲ್ಲಿ ಕೊಡಗಿನ ರಸ್ತೆ ಬದಿಯ ಒಂದು ಫಲಕದ ಫೋಟೋ ಎಲ್ಲರ ಮೊಬೈಲಿಗೂ ಬಂದಿತ್ತಲ್ಲ, 'ಅವಸರವೇ ಅಪಘಾತಕ್ಕೆ ಕಾರಣ' ಎಂಬುದರ ಕೆಳಗೆ ಇಂಗ್ಲಿಷಿನಲ್ಲಿ 'ಅರ್ಜೆಂಟ್ ಮೇಕ್ ಆ್ಯನ್ ಆಕ್ಸಿಡೆಂಟ್', ಅರ್ಜೆಂಟಾಗಿ ಒಂದು ಅಪಘಾತ ಮಾಡಿ ಎನ್ನುವ ಹಾಗೆ. ನಾನೂ ನಕ್ಕು ನಾಲ್ಕು ಜನಕ್ಕೆ ಕಳಿಸಿದೆ. ಆಮೇಲೆ ಯೋಚನೆ ಬಂತು. ಇಂಗ್ಲಿಷ್ ತಪ್ಪಾದರೆ ದೇಶವೆಲ್ಲ ನಗುತ್ತದೆ. ಕನ್ನಡ ತಪ್ಪಾದರೆ ಯಾರೂ ನಗುವುದಿಲ್ಲ, ಯಾಕೆಂದರೆ ಬಹಳ ಜನ ಆ ಭಾಗವನ್ನು ಓದುವುದೇ ಇಲ್ಲ. ಓದುವವರು ಗೌಡರಂಥವರು. ಅವರ ಹತ್ತಿರ ಫೋಟೋ ತೆಗೆದು ಕಳಿಸುವ ಮೊಬೈಲು ಇಲ್ಲ.

ಇನ್ನು ಪರೀಕ್ಷೆಗಳ ವಿಷಯಕ್ಕೆ ಬರುತ್ತೇನೆ. ಅಲ್ಲಿ ಆಗುವುದೂ ಇದೇ. ನಮ್ಮ ಕಡೆಯ ಹುಡುಗನೊಬ್ಬ ನಾಲ್ಕು ವರ್ಷದಿಂದ ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಓದುತ್ತಿದ್ದಾನೆ. ಮೊದಲು ಬೆಂಗಳೂರಿನ ವಿಜಯನಗರದಲ್ಲಿ ಆರು ಜನರ ರೂಮಿನಲ್ಲಿ ಇದ್ದ, ದುಡ್ಡು ಸಾಲದೆ ಊರಿಗೆ ಬಂದ. ಈಗ ಕೊಯ್ಲಿನ ಕಾಲದಲ್ಲಿ ಕಾಫಿ ಕೊಯ್ಲು, ಉಳಿದಂತೆ ಗುಡ್ಡದ ನೆತ್ತಿಗೆ ಹೋಗಿ ನೆಟ್‌ವರ್ಕು ಹಿಡಿದು ಪಾಠ ಕೇಳುವುದು. ಪೂರ್ತಿ ಕನ್ನಡ ಮಾಧ್ಯಮ. ಒಂದು ಪರೀಕ್ಷೆ ಬರೆದು ಬಂದವನನ್ನು ಹೇಗಾಯ್ತೋ ಎಂದು ಕೇಳಿದೆ. "ಅಣ್ಣಾ, ಉತ್ತರ ಗೊತ್ತಿತ್ತು. ಪ್ರಶ್ನೆ ಎಂತದು ಅಂತ ಗೊತ್ತಾಗ್ಲಿಲ್ಲ" ಅಂದ. ತಮಾಷೆಗೆ ಹೇಳಿದ ಅಂದುಕೊಂಡೆ. ತಮಾಷೆ ಆಗಿರಲಿಲ್ಲ.

ಎಲ್ಲರಿಗೂ ಗೊತ್ತಿರುವ ಪ್ರಕರಣವನ್ನೇ ಹೇಳುತ್ತೇನೆ. ಕರ್ನಾಟಕ ಲೋಕಸೇವಾ ಆಯೋಗ 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗೆ 2024ರ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ನಡೆಸಿತು. ನಾಳೆ ತಹಸೀಲ್ದಾರರು, ಉಪವಿಭಾಗಾಧಿಕಾರಿಗಳು ಆಗುವವರನ್ನು ಆರಿಸುವ ಪರೀಕ್ಷೆ ಇದು. ಪ್ರಶ್ನೆಪತ್ರಿಕೆಯ ಕನ್ನಡ ಎಷ್ಟು ಕೆಟ್ಟಿತ್ತೆಂದರೆ ಕೆಲವೇ ದಿನಗಳಲ್ಲಿ, ಸೆಪ್ಟೆಂಬರ್ ಮೊದಲ ವಾರದಲ್ಲಿ, ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಕಾರಣ ಭಾಷಾಂತರದ ದೋಷ ಎಂದು ಸರ್ಕಾರವೇ ಒಪ್ಪಿಕೊಂಡಿತು. ಸರಿ, ಎಡವಿದ್ದು ಒಂದು ಸಲ, ಇನ್ನು ಜೋಪಾನವಾಗಿ ನಡೆಯುತ್ತಾರೆ ಅಂದುಕೊಂಡೆವು. ಮರುಪರೀಕ್ಷೆ ಡಿಸೆಂಬರ್ 29ಕ್ಕೆ ನಡೆಯಿತು. ಅಂದು ಸಂಜೆಯಿಂದಲೇ ಅಭ್ಯರ್ಥಿಗಳು ಮತ್ತೆ ತಪ್ಪುಗಳ ಪಟ್ಟಿ ಮಾಡತೊಡಗಿದರು! ಆಮೇಲೆ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ, ಸದನದಲ್ಲಿ ಗದ್ದಲ, ನ್ಯಾಯಮಂಡಳಿಯಲ್ಲಿ ಅರ್ಜಿ ಎಲ್ಲ ಆಯಿತು. ಮೂರನೇ ಸಲ ಪರೀಕ್ಷೆ ಆಗಲಿಲ್ಲ. 2025ರ ಮೇ ತಿಂಗಳಲ್ಲಿ ಮುಖ್ಯ ಪರೀಕ್ಷೆ ನಡೆಯಿತು.

ಹೊರಗಿನಿಂದ ನೋಡುವವರಿಗೆ "ಒಂದಷ್ಟು ಅನುವಾದದ ತಪ್ಪು, ಪಕ್ಕದಲ್ಲೇ ಇಂಗ್ಲಿಷ್ ಇತ್ತಲ್ಲ" ಅನ್ನಿಸುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಹುಡುಗನ ಜೊತೆ ಕೂತು ಲೆಕ್ಕ ಹಾಕಿದ ಮೇಲೆ ಬೇರೆಯಾಯಿತು. ಒಂದು ಪತ್ರಿಕೆಗೆ ನೂರು ಪ್ರಶ್ನೆ, ಎರಡು ಗಂಟೆ. ಅಂದರೆ ಒಂದು ಪ್ರಶ್ನೆಗೆ 72 ಸೆಕೆಂಡು. ಆ 72 ಸೆಕೆಂಡಿನಲ್ಲಿ ಮೂರೋ ನಾಲ್ಕೋ ಹೇಳಿಕೆ ಓದಬೇಕು, ಯಾವುದು ಸರಿ ಎಂದು ಯೋಚಿಸಬೇಕು, ವೃತ್ತ ತುಂಬಬೇಕು. ಕನ್ನಡ ಅರ್ಥವಾಗದಿದ್ದರೆ ಇಂಗ್ಲಿಷ್ ಓದಬೇಕು. ಇಂಗ್ಲಿಷನ್ನು ನಿಧಾನವಾಗಿ ಓದುವ ಹುಡುಗನಿಗೆ ಅಲ್ಲಿಗೇ 72 ಮುಗಿಯಿತು. ಹೋಗಲಿ ಅಂತ ಅಂದಾಜಿನ ಮೇಲೆ ತುಂಬಿದರೆ ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೆ. ಇಂಗ್ಲಿಷ್ ಮಾಧ್ಯಮದವನಿಗೆ ಈ ಯಾವ ತಾಪತ್ರಯವೂ ಇಲ್ಲ. ಅವನು ಎಡಗಡೆಯೋ ಬಲಗಡೆಯೋ ಇರುವ ಕನ್ನಡದ ಕಡೆ ಕಣ್ಣು ಹಾಯಿಸಬೇಕಾಗಿಯೇ ಇಲ್ಲ. ಕಟ್ ಆಫ್ ಎನ್ನುವುದು ಅರ್ಧ ಅಂಕದಲ್ಲಿ, ಕಾಲು ಅಂಕದಲ್ಲಿ ನಿಲ್ಲುವ ಪರೀಕ್ಷೆಯಲ್ಲಿ ಐದು ಪ್ರಶ್ನೆಯ ಗೊಂದಲ ಅಂದರೆ ಒಂದು ವರ್ಷದ ಓದು ನೀರಿಗೆ ಹೋದ ಹಾಗೆ.

ಇಂಥ ದ್ವಿಭಾಷಾ ಪ್ರಶ್ನೆಪತ್ರಿಕೆಗಳಲ್ಲಿ ಒಂದು ಸೂಚನೆ ಇರುತ್ತದೆ. ಕನ್ನಡದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ನೋಡಿಕೊಳ್ಳಿ ಎನ್ನುವ ಅರ್ಥದ್ದು. ನನ್ನ ಜಗಳ ಇರುವುದು ಅದರ ಜೊತೆ. ಸಂದೇಹ ಬರುವುದು ವಾಕ್ಯ ಮುರಿದಾಗ ಮಾತ್ರ. ಗೌಡರ ನೋಟೀಸಿನ ಹಾಗೆ ವಾಕ್ಯ ನೆಟ್ಟಗೇ ಇದ್ದು ಅರ್ಥ ಉಲ್ಟಾ ಆಗಿದ್ದರೆ ಸಂದೇಹ ಹೇಗೆ ಬರಬೇಕು? ಕನ್ನಡವನ್ನು ನಂಬಿದವನು ಸಂದೇಹಪಡುವುದಿಲ್ಲ, ಉತ್ತರ ಬರೆದು ಮುಂದೆ ಹೋಗುತ್ತಾನೆ. ಆಮೇಲೆ ಕೀ ಉತ್ತರ ಬಂದಾಗ ಗೊತ್ತಾಗುತ್ತದೆ, ತಾನು ಬರೆದದ್ದು ಬೇರೆ ಯಾವುದೋ ಪ್ರಶ್ನೆಗೆ ಎಂದು. ಕನ್ನಡ ಓದಿಕೋ, ಆದರೆ ನಂಬಬೇಡ ಎಂದು ಹೇಳಿದ ಹಾಗಾಯಿತು. ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಎಂದು ಕಾಯ್ದೆ ಮಾಡಿದ್ದು 1963ರಲ್ಲಿ. ಅರವತ್ತು ವರ್ಷ ದಾಟಿತು.

ತಪ್ಪುಗಳು ಹೇಗೆ ಹುಟ್ಟುತ್ತವೆ ಎನ್ನುವುದಕ್ಕೆ ಕೆಲವು ಉದಾಹರಣೆ ನಾನೇ ಕಟ್ಟಿ ಹೇಳುತ್ತೇನೆ. ಇವು ಯಾವ ಪತ್ರಿಕೆಯಿಂದಲೂ ಎತ್ತಿದ್ದಲ್ಲ. 'ಮೇಲಿನ ಎಲ್ಲವೂ ಸರಿಯಲ್ಲ.' ಇದರ ಅರ್ಥ ಏನು? ಒಂದೂ ಸರಿಯಿಲ್ಲ ಅಂತಲೋ, ಕೆಲವು ಸರಿ ಕೆಲವು ತಪ್ಪು ಅಂತಲೋ? ಎರಡೂ ಆಗಬಹುದು. ಮಾತಿನಲ್ಲಾದರೆ ದನಿಯ ಏರಿಳಿತದಲ್ಲಿ ಗೊತ್ತಾಗುತ್ತದೆ, ಅಚ್ಚಿನಲ್ಲಿ ದನಿ ಇಲ್ಲ. 'ಯಾವುದೂ ಸರಿಯಲ್ಲ' ಎಂದು ಬರೆದಿದ್ದರೆ ಮುಗಿಯುತ್ತಿತ್ತು. ಇನ್ನೊಂದು: 'ರಾಜ್ಯಪಾಲರಿಂದ ನೇಮಕವಾದ ಸಮಿತಿಯ ಅಧ್ಯಕ್ಷರು.' ರಾಜ್ಯಪಾಲರು ನೇಮಿಸಿದ್ದು ಸಮಿತಿಯನ್ನೋ, ಅಧ್ಯಕ್ಷರನ್ನೋ? ಆಡಳಿತದ ಬಗ್ಗೆ ಕೇಳುವ ಪ್ರಶ್ನೆಯಲ್ಲಿ ಉತ್ತರ ನಿಂತಿರುವುದೇ ಅದರ ಮೇಲೆ. ಇಂಗ್ಲಿಷಿನಲ್ಲಿ ವಿವರಣೆ ನಾಮಪದದ ಹಿಂದೆ ಬಾಲದ ಹಾಗೆ ಬರುತ್ತದೆ, ನಮ್ಮಲ್ಲಿ ಮುಂದೆ ಬರುತ್ತದೆ. ಮೂರು ಬಾಲ ಇರುವ ಇಂಗ್ಲಿಷ್ ವಾಕ್ಯವನ್ನು ಒಂದೇ ಕನ್ನಡ ವಾಕ್ಯ ಮಾಡಲು ಹೋದರೆ ಯಾರ ಬಾಲ ಯಾರಿಗೆ ಎಂದು ದೇವರಿಗೇ ಗೊತ್ತು. ಮುರಿದು ಎರಡು ವಾಕ್ಯ ಮಾಡಬೇಕು. ಅದನ್ನು ಮಾಡಲು ವಿಷಯ ಗೊತ್ತಿರಬೇಕು, ಬರೀ ಭಾಷೆ ಸಾಲದು.

ಮತ್ತೆ 'ತಕ್ಕದ್ದು'. ನಮ್ಮ ಹಳೆಯ ಕಾನೂನು ಕನ್ನಡದಲ್ಲಿ 'ಮಾಡತಕ್ಕದ್ದು' ಅಂದರೆ ಮಾಡಲೇಬೇಕು, 'ಮಾಡಬಹುದು' ಅಂದರೆ ಅಧಿಕಾರಿಯ ಇಷ್ಟ. ಕೇಳಲು ಒರಟು, ಆದರೆ ಗೆರೆ ಕೊರೆದ ಹಾಗೆ ಸ್ಪಷ್ಟ. ಅದರ ಜಾಗದಲ್ಲಿ 'ಸಭೆ ಸೇರುತ್ತದೆ', 'ವರದಿ ನೀಡುತ್ತದೆ' ಎಂದು ಬರೆದರೆ ಅದು ಕಡ್ಡಾಯವೋ, ಸುಮ್ಮನೆ ವಾಡಿಕೆಯೋ ತಿಳಿಯುವುದಿಲ್ಲ. ಹಾಗೆಯೇ ಪಠ್ಯಪುಸ್ತಕದಲ್ಲಿ 'ಚಾಲ್ತಿ ಖಾತೆ' ಎಂದು ಓದಿದ ಹುಡುಗನಿಗೆ ಪರೀಕ್ಷೆಯಲ್ಲಿ 'ಪ್ರಸ್ತುತ ಖಾತೆ' ಎಂದು ಕೊಟ್ಟರೆ ಅವನು ತಲೆ ಕೆರೆದುಕೊಳ್ಳುತ್ತಾನೆ. ಎರಡು ಪದವೂ ನಿಘಂಟಿನ ಪ್ರಕಾರ ಸರಿಯೇ.

ಹಾಗಂತ ಸರ್ಕಾರಿ ಕನ್ನಡದ ಪದಗಳೆಲ್ಲ ಕಠಿಣ, ಶುದ್ಧ ಮಾಡಿ ಎನ್ನುವ ಗುಂಪಿಗೆ ನಾನು ಸೇರಿದವನಲ್ಲ. ಪಹಣಿ, ಖರಾಬು, ಜಮಾಬಂದಿ, ಬಗರ್‌ಹುಕುಂ, ತಕರಾರು... ಇವು ಎಲ್ಲಿಂದ ಬಂದವು ಎಂದು ಗೌಡರು ಕೇಳುವುದಿಲ್ಲ. ಅಜ್ಜನ ಕಾಲದಿಂದ ಬಳಸಿದ್ದಾರೆ, ಅರ್ಥ ಗೊತ್ತು. ನಮೂನೆ 57 ಅಂದರೆ ಏನೆಂದು ನಮ್ಮೂರಿನಲ್ಲಿ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. 'ಸದರಿ' ಎನ್ನುವ ಪದ ಮಾತ್ರ ಯಾರಾದರೂ ತೆಗೆದುಹಾಕಿದರೆ ನನಗೆ ಸಂತೋಷ. ಒಂದು ನೋಟೀಸಿನಲ್ಲಿ ಹನ್ನೊಂದು ಸದರಿ ಎಣಿಸಿದ್ದೇನೆ :-) ಯಾವ ಸದರಿ ಯಾರಿಗೆ ಎಂದು ಹುಡುಕುವಷ್ಟರಲ್ಲಿ ಏಳು ದಿನ ಕಳೆದಿರುತ್ತದೆ.

ಈ ಕಷ್ಟ ನಮಗೆ ಮಾತ್ರ ಅಲ್ಲ. 2014ರಲ್ಲಿ ದೆಹಲಿಯಲ್ಲಿ ಹಿಂದಿ ಮಾಧ್ಯಮದ ಹುಡುಗರು ಯುಪಿಎಸ್‌ಸಿ ವಿರುದ್ಧ ಬೀದಿಗಿಳಿದಾಗ, 'ಸ್ಟೀಲ್ ಪ್ಲಾಂಟ್' ಎನ್ನುವುದು ಹಿಂದಿಯಲ್ಲಿ ಉಕ್ಕಿನ ಗಿಡ ಆಗಿದೆ ಎಂಬುದು ಅವರ ದೂರುಗಳಲ್ಲೊಂದು. ಅದಕ್ಕಿಂತ ಗಂಭೀರವಾದದ್ದು 2018ರ ನೀಟ್. ಆ ವರ್ಷ ತಮಿಳಿನಲ್ಲಿ ಬರೆದವರು 24 ಸಾವಿರಕ್ಕೂ ಹೆಚ್ಚು. 180 ಪ್ರಶ್ನೆಗಳಲ್ಲಿ 49ರ ತಮಿಳು ತಪ್ಪು ಎಂದು ಸಂಸದ ಟಿ. ಕೆ. ರಂಗರಾಜನ್ ಕೋರ್ಟಿಗೆ ಹೋದರು. ಚೀತಾ ಎನ್ನುವ ಪ್ರಾಣಿಯ ಹೆಸರನ್ನು ಇಂಗ್ಲಿಷ್ ಉಚ್ಚಾರದಲ್ಲೇ ತಮಿಳು ಅಕ್ಷರಕ್ಕೆ ಇಳಿಸಿಬಿಟ್ಟಿದ್ದರು, ಓದಿದರೆ ಸೀತಾ ಎನ್ನುವ ಹಾಗಿತ್ತು. ಜುಲೈನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಪ್ರಶ್ನೆಗೆ ನಾಲ್ಕರಂತೆ 196 ಅಂಕ ಕೊಡಿ ಎಂದಿತು. ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟು, ನವೆಂಬರಿನಲ್ಲಿ ಆ ಆದೇಶವನ್ನೇ ರದ್ದು ಮಾಡಿತು. 720ರಲ್ಲಿ 196 ಅಂಕವನ್ನು ಎಲ್ಲರಿಗೂ ಹಂಚುವುದು ಉಳಿದ ಭಾಷೆಯವರಿಗೆ ಅನ್ಯಾಯ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಕೊನೆಗೆ ಏನಾಯಿತು ನೋಡಿ, ತಮಿಳಿನಲ್ಲಿ ಬರೆದ ಮಗುವಿಗೆ ಏನೂ ಸಿಗಲಿಲ್ಲ. ಪರೀಕ್ಷೆ ಮುಗಿದ ಮೇಲೆ ಇಂಥ ತಪ್ಪಿಗೆ ನ್ಯಾಯವಾದ ಪರಿಹಾರವೇ ಇಲ್ಲ. ಕೃಪಾಂಕ ಕೊಟ್ಟರೆ ಗೊತ್ತಿಲ್ಲದವನಿಗೂ ಸಿಗುತ್ತದೆ, ಪ್ರಶ್ನೆ ಕೈಬಿಟ್ಟರೆ ಅದಕ್ಕೆ ಸರಿ ಉತ್ತರ ಬರೆದವನಿಗೆ ನಷ್ಟ, ಮರುಪರೀಕ್ಷೆ ಮಾಡಿದರೆ ಕೂಲಿ ಬಿಟ್ಟು ಬಂದವನಿಗೆ ಇನ್ನೊಂದು ಸಲ ಬಸ್ ಚಾರ್ಜು. ಕಳಸದಿಂದ ಹೋಗುವವನು ಬೆಳಗಿನ ಪರೀಕ್ಷೆಗೆ ಹಿಂದಿನ ದಿನವೇ ಹೊರಡಬೇಕು, ಎಲ್ಲೋ ಉಳಿಯಬೇಕು. ಏನು ಮಾಡುವುದಿದ್ದರೂ ಅಚ್ಚಿಗೆ ಹೋಗುವ ಮೊದಲೇ ಮಾಡಬೇಕು.

ಕಂಪ್ಯೂಟರಿನ ಅನುವಾದದ ಮೇಲೆ ಎಲ್ಲರಿಗೂ ಅನುಮಾನ. ಇರಬಹುದು. ಅದರ ರುಚಿ ಮುಖ್ಯಮಂತ್ರಿಗಳಿಗೇ ಒಮ್ಮೆ ಸಿಕ್ಕಿತ್ತು. 2025ರ ಜುಲೈನಲ್ಲಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿ ಕನ್ನಡದಲ್ಲಿ ಪ್ರಕಟವಾಯಿತು. ಮೆಟಾ ಕಂಪನಿಯ ತಂತ್ರಾಂಶ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಮುಖ್ಯಮಂತ್ರಿಯೇ ತೀರಿಕೊಂಡರು ಎನ್ನುವ ಅರ್ಥ ಬಂದುಬಿಟ್ಟಿತು. ಅವರ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದರು, ಕನ್ನಡದ ಅನುವಾದ ಸರಿಯಾಗುವ ತನಕ ಅದನ್ನು ನಿಲ್ಲಿಸಿ ಎಂದರು. ಕಂಪನಿ ಕ್ಷಮೆ ಕೇಳಿ ಸರಿ ಮಾಡಿತು. ಪತ್ರ ಬರೆದದ್ದು ಖಂಡಿತ ಸರಿ. ಆದರೆ ಆ ಪತ್ರವನ್ನೇ ವಿಳಾಸ ಮಾತ್ರ ಬದಲಿಸಿ, ರಾಜ್ಯದ ಎಲ್ಲ ಪರೀಕ್ಷಾ ಸಂಸ್ಥೆಗಳಿಗೂ ಒಂದೊಂದು ಪ್ರತಿ ಕಳಿಸಬಹುದಿತ್ತಲ್ಲವೇ? ತಪ್ಪು ಅನುವಾದದಿಂದ ದೊಡ್ಡವರಿಗೆ ಮುಜುಗರವಾದರೆ ವಾರದೊಳಗೆ ಕ್ಷಮೆ ಬರುತ್ತದೆ. ಹುಡುಗರಿಗೆ ಬರುವುದು ಕೀ ಉತ್ತರಕ್ಕೆ ಆಕ್ಷೇಪಣೆ ಸಲ್ಲಿಸಲು ಕೊನೆಯ ದಿನಾಂಕ.

ನಮ್ಮ ಮೂಡಿಗೆರೆಯಲ್ಲಿ ಕೂತು ತೇಜಸ್ವಿಯವರು ಕಂಪ್ಯೂಟರಿನಲ್ಲಿ ಕನ್ನಡ ನೆಟ್ಟಗಾಗಲಿ ಎಂದು ಸರ್ಕಾರದ ಜೊತೆ ಗುದ್ದಾಡುತ್ತಿದ್ದ ಕಾಲ ನೆನಪಿದೆ. ಒಂದು ತಂತ್ರಾಂಶದಲ್ಲಿ ಬರೆದದ್ದು ಇನ್ನೊಂದರಲ್ಲಿ ಬರೀ ಚೌಕ ಚೌಕವಾಗಿ ಕಾಣುತ್ತಿದ್ದ ದಿನಗಳು. ಅವರು 2007ರಲ್ಲಿ ಹೋದರು. ಯುನಿಕೋಡು ಬಂದು ಆ ಕಷ್ಟ ಹೆಚ್ಚುಕಮ್ಮಿ ಮುಗಿಯಿತು. ಅಕ್ಷರ ಎಲ್ಲ ಕಡೆ ಸರಿಯಾಗಿ ಮೂಡುತ್ತದೆ, ವಾಕ್ಯ ಮೂಡುವುದಿಲ್ಲ. ಜಿ. ವೆಂಕಟಸುಬ್ಬಯ್ಯನವರು ಪ್ರಜಾವಾಣಿಯಲ್ಲಿ ವರ್ಷಗಟ್ಟಲೆ 'ಇಗೋ ಕನ್ನಡ' ಬರೆದರು. ಓದುಗರು ಪದ ಕೇಳುವುದು, ಅವರು ಬಿಡಿಸಿ ಹೇಳುವುದು. 2021ರಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ಸಾಮಾನ್ಯ ಓದುಗನಿಗೆ ಅನುಮಾನ ಬಂದರೆ ಕೇಳುವ ಒಂದು ಜಾಗ ಇತ್ತು. ನೋಟೀಸು ಟೈಪ್ ಮಾಡುವ ಗುತ್ತಿಗೆ ನೌಕರನಿಗೆ ಅಂಥ ಜಾಗ ಯಾವುದಿದೆ? ಹಳೆಯ ನೋಟೀಸಿನ ಫೈಲು ತೆರೆದು, ಹೆಸರು ಸರ್ವೆ ನಂಬರು ಬದಲಿಸಿ, ಪ್ರಿಂಟ್ ತೆಗೆಯುತ್ತಾನೆ. ಆ ಹಳೆಯದರಲ್ಲಿ 'ದ' ಬಿಟ್ಟುಹೋಗಿದ್ದರೆ ಎಷ್ಟು ಮನೆಗೆ ಹೋಗಿರಬಹುದು, ನೀವೇ ಯೋಚಿಸಿ.

ಏನು ಮಾಡಬೇಕು ಎಂದು ಕೇಳಿದರೆ ನನ್ನ ಹತ್ತಿರ ದೊಡ್ಡ ಯೋಜನೆ ಇಲ್ಲ. ರಾಜ್ಯದ ಪರೀಕ್ಷೆಗಳಲ್ಲಿ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲೇ ಬರೆಯಲಿ, ಆಮೇಲೆ ಇಂಗ್ಲಿಷ್ ಮಾಡಲಿ. ಇತಿಹಾಸ, ಭೂಗೋಳ, ಸಂವಿಧಾನ, ಕೃಷಿ, ಇವನ್ನು ಕನ್ನಡದಲ್ಲಿ ಪಾಠ ಮಾಡುವ ಮೇಷ್ಟ್ರುಗಳು ರಾಜ್ಯದ ತುಂಬ ಇದ್ದಾರೆ. ಎಲ್ಲ ಪ್ರಶ್ನೆಯೂ ಆಗದು ಎಂದಾದರೆ ಅರ್ಧವಾದರೂ ಆಗಲಿ. ಆಗ ಕಷ್ಟ ಎರಡೂ ಕಡೆಗೆ ಸಮನಾಗಿ ಹಂಚುತ್ತದೆ. ಕನ್ನಡದಲ್ಲೇ ಹುಟ್ಟಿದ ಪ್ರಶ್ನೆಗೆ ಕನ್ನಡವೇ ಅಂತಿಮ ಎಂದು ಬರೆಯುವ ಧೈರ್ಯವೂ ಬರುತ್ತದೆ.

ಇನ್ನೊಂದು, ಇದಕ್ಕೆ ಖರ್ಚೇ ಇಲ್ಲ. ಅಚ್ಚಿಗೆ ಕೊಡುವ ಮುಂಚೆ ಕನ್ನಡದ ಭಾಗವನ್ನು ಮಾತ್ರ, ಇಂಗ್ಲಿಷ್ ಮುಚ್ಚಿಟ್ಟು, ಒಬ್ಬರ ಕೈಗೆ ಕೊಟ್ಟು ಓದಿಸಬೇಕು. ಪಕ್ಕದಲ್ಲಿ ಇಂಗ್ಲಿಷ್ ಇದ್ದರೆ ತಪ್ಪು ಕಾಣುವುದಿಲ್ಲ. ಅನುವಾದ ಮಾಡಿದವನಿಗಂತೂ ಕಾಣುವುದೇ ಇಲ್ಲ, ಅವನ ತಲೆಯಲ್ಲಿ ಮೂಲ ಕೂತಿರುತ್ತದೆ. ನನಗೆ ಗೌಡರ ನೋಟೀಸಿನಲ್ಲಿ ಮೊದಲು ತಪ್ಪು ಕಾಣದಿದ್ದದ್ದೂ ಹಾಗೇ, ನೋಟೀಸಿನಲ್ಲಿ ಏನಿರಬೇಕು ಎಂದು ನನಗೆ ಮೊದಲೇ ಗೊತ್ತಿತ್ತು. ಗುಟ್ಟು ಹೊರಗೆ ಬಿದ್ದರೆ ಎಂದು ಅಧಿಕಾರಿಗಳು ಕೇಳುತ್ತಾರೆ. ಪ್ರಶ್ನೆ ಬರೆದವರು, ಅನುವಾದಿಸಿದವರು, ಅಚ್ಚು ಹಾಕಿದವರು, ಸಾಗಿಸಿದವರು ಇಷ್ಟು ಜನರನ್ನು ನಂಬುವ ವ್ಯವಸ್ಥೆ ಓದುವವನೊಬ್ಬನನ್ನು ನಂಬಬಾರದೇ? ಗೆಜೆಟೆಡ್ ಹುದ್ದೆಗಳ ಮುಖ್ಯ ಪರೀಕ್ಷೆಯಲ್ಲಿ ಕಡ್ಡಾಯ ಕನ್ನಡದ ಪತ್ರಿಕೆ ಇದೆ, ಅದರಲ್ಲಿ ತೇರ್ಗಡೆಯಾಗದವನಿಗೆ ಹುದ್ದೆ ಇಲ್ಲ. ಆ ನಿಯಮವನ್ನು ಪ್ರಶ್ನೆಪತ್ರಿಕೆ ಮಾಡುವವರಿಗೂ ಹಾಕಲಿ ಅಂತ ನಮ್ಮ ಹುಡುಗ ಹೇಳುತ್ತಾನೆ. ಅವನಿಗೆ ಸಿಟ್ಟು ಇನ್ನೂ ಇಳಿದಿಲ್ಲ.

ನೋಟೀಸುಗಳ ವಿಷಯಕ್ಕೆ ಒಂದು ಸಣ್ಣ ಮಾತು. 'ಸಲ್ಲಿಸದಿದ್ದಲ್ಲಿ' ಎನ್ನುವ ಪದವನ್ನೇ ಬಿಟ್ಟುಬಿಡಿ. 'ನಿಮ್ಮ ಆಕ್ಷೇಪಣೆ ಇದ್ದರೆ ಇಂಥ ತಾರೀಕಿನ ಒಳಗೆ ಬರೆದು ಕೊಡಿ. ಆ ತಾರೀಕು ದಾಟಿದರೆ ನಿಮ್ಮ ಮಾತು ಕೇಳದೆ ತೀರ್ಮಾನ ಆಗುತ್ತದೆ' ಎಂದು ಎರಡು ವಾಕ್ಯ ಬರೆಯಿರಿ. ಇದರಲ್ಲಿ ಯಾವ ಅಕ್ಷರ ಬಿಟ್ಟುಹೋದರೂ ಅರ್ಥ ಉಲ್ಟಾ ಆಗುವುದು ಕಷ್ಟ. ಕಾನೂನಿಗೂ ಏನೂ ಅಡ್ಡಿ ಕಾಣುವುದಿಲ್ಲ. ನಾನು ಇದನ್ನೇ ಒಂದು ಅರ್ಜಿಯಲ್ಲಿ ಬರೆದು ಆ ಕಚೇರಿಗೆ ಕೊಟ್ಟೆ. ಇಪ್ಪತ್ತು ದಿನಕ್ಕೆ ಹಿಂಬರಹ ಬಂತು. 'ಸದರಿ ವಿಷಯವನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಅಂತ. ಕಾಗುಣಿತ ಪೂರ್ತಿ ಸರಿಯಿತ್ತು.

ಗೌಡರ ಮೇಲ್ಮನವಿ ಇನ್ನೂ ನಡೆಯುತ್ತಿದೆ. ಜಿಲ್ಲಾ ಕೇಂದ್ರಕ್ಕೆ ಇಲ್ಲಿಂದ ಸುಮಾರು ತೊಂಬತ್ತು ಕಿಲೋಮೀಟರು ಘಾಟಿ ರಸ್ತೆ, ಹೋಗಿ ಬರಲು ಒಂದು ದಿನ ಬೇಕು. ಈವರೆಗೆ ಆರು ಸಲ ಹೋಗಿದ್ದಾರೆ, ಅದರಲ್ಲಿ ನಾಲ್ಕು ಸಲ ಮುಂದಿನ ತಾರೀಕು ತಿಳಿದುಕೊಂಡು ಬರುವುದಕ್ಕೆ. ಲಾಯರ ಫೀಸು, ಬಸ್ಸು, ಊಟ ಎಲ್ಲ ಸೇರಿ ಆ ಗಡಿಯಂಚಿನ ಅಡಿಕೆಯ ಎರಡು ವರ್ಷದ ಫಸಲಿಗಿಂತ ಜಾಸ್ತಿ ಆಗಿದೆ ಎಂದು ಅವರ ಹೆಂಡತಿ ಲೆಕ್ಕ ಇಟ್ಟಿದ್ದಾರೆ. ಹೋದ ವಾರ ಸಂಜೆ ಹೊತ್ತು ನಮ್ಮ ಜಗಲಿಗೆ ಬಂದರು. ಕೈಯಲ್ಲಿ ಹೊಸದೊಂದು ನೋಟೀಸು. ಮೊದಲಿನ ಹಾಗೆ ತಾವೇ ಓದಿ ಹೇಳಲಿಲ್ಲ. ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು, ಕಾಗದವನ್ನು ನನ್ನ ಕೈಗೆ ಕೊಟ್ಟು, "ಇದ್ರಲ್ಲಿ ಬರ್ದದ್ದು ಬೇಡ ಮಾರಾಯ, ಅವ್ರ ಮನಸಲ್ಲಿ ಎಂತ ಇದೆ ಅಂತ ನೋಡಿ ಹೇಳು" ಅಂದರು.